ದೂರದ ಡೆಸ್ಕ್‌ಟಾಪ್, ಕಮಾಂಡ್ ಲೈನ್ ಮತ್ತು ನಮ್ಮ ಕೈಲಿರುವ ಧ್ವನಿಗಳು

ಗಡಿಯಾಚೆಯ ಕನ್ನಡಿಗರ ಬಗ್ಗೆ ಕೆಲಸ ಮಾಡುವ ನಾವು ಸಾಮಾನ್ಯವಾಗಿ ಭಾಷೆ, ಶಾಲೆ, ವಲಸೆ, ಆಚರಣೆಗಳ ಬಗ್ಗೆ ಮಾತಾಡ್ತೇವೆ. ಇವತ್ತು ನಾನು ಅದಲ್ಲ, ಆ ಕೆಲಸ ಮಾಡುವ ಯಂತ್ರದ ಬಗ್ಗೆ ಹೇಳಬೇಕು ಅಂತಿದ್ದೇನೆ. ವಿಭಾಗದಲ್ಲಿರುವ ಒಂದು ಲಿನಕ್ಸ್ ಕಂಪ್ಯೂಟರನ್ನು ದೂರದ ಊರಿಂದ ತೆರೆದು, ಅದರ ಡೆಸ್ಕ್‌ಟಾಪನ್ನು ಕಮಾಂಡ್ ಲೈನಿನಿಂದ ಹೊಂದಿಸಿ ನಡೆಸುವುದು ಹೇಗೆ ಅನ್ನುವುದು ವಿಷಯ. ಇದು ತಾಂತ್ರಿಕ ವಿಷಯ, ನಮಗ್ಯಾಕೆ ಅಂತ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಅದಕ್ಕೇ ಒಂದು ತಪ್ಪು ಮಾಡಿದೆ. ಮೊದಲು ಆ ತಪ್ಪನ್ನೇ ಹೇಳಿಬಿಡ್ತೇನೆ.

ಕಮಾಂಡುಗಳನ್ನು ಬಾಯಲ್ಲಿ ಓದಿ ಹೇಳುವ ಹಾಗೆಯೇ ಇಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಹೈಫನ್ ಅಂದಲ್ಲಿ ಅಡ್ಡಗೆರೆ, ಕೊಲನ್ ಅಂದಲ್ಲಿ ಎರಡು ಚುಕ್ಕಿ ಹಾಕಿಕೊಳ್ಳಿ.

1. ಮೂರು ದಿನ ತೆರೆದಿದ್ದ ಪರದೆ

ತಾಳವಾಡಿ ಕಡೆಯ ಒಬ್ಬರು ಅಜ್ಜಿ ನಮಗೆ ಎರಡು ಗಂಟೆ ಮಾತಾಡಿದ್ದರು. ಹಾಡು, ಹರಕೆ, ಮದುವೆ ಎಲ್ಲ ಆದ ಮೇಲೆ ಮನೆಯ ಜಮೀನಿನ ಜಗಳದ ಮಾತು ಬಂತು. "ಇದು ನಿಮ್ಮೊಳಗೇ ಇರಲಿ" ಅಂದರು. ಆಗಲಿ ಅಂದೆ. ಆ ಆಡಿಯೊ ವಿಭಾಗದ ಕಂಪ್ಯೂಟರಿಗೆ ಸೇರಿತು. ನಾನು ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಂಡು ಅದನ್ನು ಕೇಳ್ತಾ ಲಿಪಿಗಿಳಿಸ್ತಾ ಇದ್ದೆ.

ಒಂದು ಶುಕ್ರವಾರ ಸಂಪರ್ಕವೇ ಸಿಗಲಿಲ್ಲ. ಎಲ್ಲೋ ಓದಿದ ಸಲಹೆಯಂತೆ ಸರ್ವರ್ ಶುರು ಮಾಡುವ ಸಾಲಿಗೆ "ಹೈಫನ್ ಲೋಕಲ್‌ಹೋಸ್ಟ್ ನೋ" ಅಂತ ಸೇರಿಸಿದೆ. ತಕ್ಷಣ ಸಿಕ್ಕಿತು. ಖುಷಿಯಾಯಿತು. ಕೆಲಸ ಮುಗಿಸಿ ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋ ಮುಚ್ಚಿ ಮಲಗಿದೆ. ಸೋಮವಾರ ಬೆಳಗ್ಗೆ ಮತ್ತೆ ತೆರೆದರೆ ಶುಕ್ರವಾರದ ಲಿಪ್ಯಂತರದ ಪುಟ ಹಾಗೆಯೇ ಇದೆ, ಅಜ್ಜಿಯ ಜಮೀನಿನ ಮಾತು ಪರದೆಯ ಮೇಲೆ ಹಾಗೆಯೇ ನಿಂತಿದೆ. ಸರ್ವರಿನ ಲಾಗ್ ನೋಡಿದರೆ ಶನಿವಾರ ನನ್ನದಲ್ಲದ ಒಂದು ವಿಳಾಸದಿಂದ ಒಂದು ಸಂಪರ್ಕ ಬಂದುಹೋಗಿದೆ.

ಅದು ನಮ್ಮ ಗುಂಪಿನವರೇ ಇರಬಹುದು. ಪಾಸ್‌ವರ್ಡ್ ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಕ್ಯಾಂಪಸ್ ನೆಟ್‌ವರ್ಕಿನಲ್ಲಿ ವಿಳಾಸಗಳು ಬದಲಾಗ್ತಾ ಇರ್ತವೆ, ಯಾರು ಅಂತ ಹೇಳಲು ನನ್ನಿಂದ ಆಗಲಿಲ್ಲ. ಏನೂ ಆಗಿರದೆ ಇರಬಹುದು. ಆದರೆ "ಯಾರೂ ನೋಡಿಲ್ಲ" ಅಂತ ಅಜ್ಜಿಗೆ ಹೇಳುವ ಹಕ್ಕು ನನಗೆ ಉಳಿಯಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಹಕ್ಕನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವುದರ ಬಗ್ಗೆ.

2. ಹಾಗಾದರೆ ದೂರದ ಡೆಸ್ಕ್‌ಟಾಪ್ ಯಾಕೆ ಬೇಕು

ಬೇಡ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ಕೆಲಸದಲ್ಲಿ ಅದಕ್ಕೆ ನಿಜವಾದ ಉಪಯೋಗ ಉಂಟು. ಕ್ಷೇತ್ರಕಾರ್ಯಕ್ಕೆ ಹೋದವರು ಒಬ್ಬರು ಕಾಸರಗೋಡಿನಲ್ಲಿ, ಒಬ್ಬರು ಜತ್ತದಲ್ಲಿ, ಇನ್ನೊಬ್ಬರು ಆದವಾನಿಯಲ್ಲಿ. ಆಡಿಯೊ ಕಡತಗಳನ್ನು ಎಲ್ಲರ ಲ್ಯಾಪ್‌ಟಾಪಿಗೂ ಪ್ರತಿ ಮಾಡಿದರೆ ಒಪ್ಪಿಗೆ ಕೊಟ್ಟವರ ಧ್ವನಿ ಎಷ್ಟು ಕಡೆ ಇದೆ ಅನ್ನುವ ಲೆಕ್ಕವೇ ತಪ್ಪುತ್ತದೆ. ಕಡತ ಒಂದೇ ಕಡೆ ಇರಬೇಕು, ಕೆಲಸ ಮಾಡುವವರು ಎಲ್ಲಿಂದಾದರೂ ಬರಬೇಕು.

ಇನ್ನೊಂದು ಕಾರಣ ಲಿಪಿ. ಗಡಿ ಪ್ರದೇಶದ ಕಾಗದಪತ್ರ ಅಂದರೆ ಒಂದೇ ಹಾಳೆಯಲ್ಲಿ ಎರಡು ಲಿಪಿ. ಕಾಸರಗೋಡಿನದ್ದಾದರೆ ಕನ್ನಡದ ಪಕ್ಕ ಮಲಯಾಳಂ, ತಾಳವಾಡಿಯದ್ದಾದರೆ ತಮಿಳು, ಅಕ್ಕಲಕೋಟೆಯದ್ದಾದರೆ ದೇವನಾಗರಿ, ಮಡಕಶಿರಾದ್ದಾದರೆ ತೆಲುಗು. ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲಿ ಒಂದೊಂದು ಫಾಂಟ್ ಇಲ್ಲದೆ ಚೌಕಗಳು ಕಾಣ್ತವೆ. ದೂರದ ಡೆಸ್ಕ್‌ಟಾಪಿನಲ್ಲಿ ಈ ತೊಂದರೆ ಇಲ್ಲ. ಯಾಕೆ ಇಲ್ಲ ಅಂತ ತಿಳಿದುಕೊಂಡರೆ ಇಡೀ ವ್ಯವಸ್ಥೆ ಅರ್ಥ ಆಗ್ತದೆ.

3. ಬರುವುದು ಚಿತ್ರ

ನಾನು ಬಳಸುವುದು ವಿಎನ್‌ಸಿ. 1990ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದಲ್ಲಿ ಇದು ಹುಟ್ಟಿತು. ಇದರ ಒಳಗಿನ ಪ್ರೋಟೋಕಾಲಿಗೆ ಆರ್‌ಎಫ್‌ಬಿ ಅಂತ ಹೆಸರು. 2011ರಲ್ಲಿ ಅದು ಆರ್‌ಎಫ್‌ಸಿ 6143 ಆಗಿ ಪ್ರಕಟವಾಗಿದೆ. ಅದರ ತತ್ವ ತುಂಬ ಸರಳ. ಸರ್ವರು ತನ್ನ ಪರದೆಯ ಚಿತ್ರದ ಚೌಕಗಳನ್ನು ಕಳಿಸ್ತದೆ, ನಮ್ಮ ಕಡೆಯಿಂದ ಕೀಲಿ ಒತ್ತಿದ್ದು, ಮೌಸ್ ಸರಿಸಿದ್ದು ಹೋಗ್ತದೆ. ಅಕ್ಷರ ಮೂಡುವುದು ಅಲ್ಲಿ, ನಮಗೆ ಬರುವುದು ಅದರ ಚಿತ್ರ. ಆದ್ದರಿಂದ ಫಾಂಟು ಸರ್ವರಿನಲ್ಲಿ ಇದ್ದರೆ ಸಾಕು. ಡೆಬಿಯನ್‌ನಲ್ಲಿ "ಫಾಂಟ್ಸ್ ಹೈಫನ್ ಕೆಎನ್‌ಡಿಎ" ಅನ್ನುವ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು ಮುಂತಾದ ಕನ್ನಡ ಫಾಂಟುಗಳು ಬರ್ತವೆ. ಯಾವುದು ಇದೆ ಅಂತ ನೋಡಲು "ಎಫ್‌ಸಿ ಹೈಫನ್ ಲಿಸ್ಟ್", ಜಾಗ ಬಿಟ್ಟು "ಕೊಲನ್ ಲ್ಯಾಂಗ್ ಸಮ ಕೆಎನ್". ಕೊನೆಯ ಎರಡಕ್ಷರ ಬದಲಿಸಿದರೆ ಮಲಯಾಳಂ, ತಮಿಳಿನದ್ದೂ ಸಿಗ್ತದೆ.

ಚಿತ್ರ ಅಂದ ಮೇಲೆ ಭಾರದ ಲೆಕ್ಕ ಇದೆ. 1920 ಗುಣಿಸು 1080 ಪರದೆ ಅಂದರೆ 20 ಲಕ್ಷಕ್ಕಿಂತ ಹೆಚ್ಚು ಚುಕ್ಕೆ. ಚುಕ್ಕೆಗೆ 4 ಬೈಟ್ ಅಂದರೆ ಒಂದು ಪೂರ್ತಿ ಪರದೆಗೆ ಸುಮಾರು 8.3 ಮೆಗಾಬೈಟ್. ಅದನ್ನೇ 1280 ಗುಣಿಸು 720ಕ್ಕೆ ಇಳಿಸಿ, ಬಣ್ಣದ ಆಳವನ್ನು 16 ಬಿಟ್ ಮಾಡಿದರೆ 1.8 ಮೆಗಾಬೈಟ್. ಇದು ಸಂಕುಚಿಸುವ ಮೊದಲಿನ ಲೆಕ್ಕ. ನಿಜದಲ್ಲಿ ಬದಲಾದ ಭಾಗ ಮಾತ್ರ, ಅದೂ ಕುಗ್ಗಿಸಿ ಬರ್ತದೆ. ಮತ್ತೆ ಮೂಲ ಪ್ರೋಟೋಕಾಲಿನಲ್ಲಿ ನಮ್ಮ ಕಡೆಯ ಪ್ರೋಗ್ರಾಂ ಕೇಳಿದಾಗ ಮಾತ್ರ ಸರ್ವರು ಹೊಸ ಚಿತ್ರ ಕಳಿಸ್ತದೆ, ಹಾಗಾಗಿ ನಿಧಾನದ ಲೈನ್ ಇದ್ದರೂ ಅದು ಉಸಿರು ಕಟ್ಟುವುದಿಲ್ಲ. ಮೊಬೈಲ್ ಡೇಟಾದಲ್ಲಿ ಕೆಲಸ ಮಾಡುವವರು ಪರದೆ ಚಿಕ್ಕದು ಮಾಡಿ, ಹಿನ್ನೆಲೆಗೆ ಫೋಟೊ ಹಾಕದೆ ಒಂದೇ ಬಣ್ಣ ಇಟ್ಟುಕೊಳ್ಳಿ. ಅಷ್ಟರಲ್ಲೇ ಅರ್ಧ ಕಷ್ಟ ಹೋಗ್ತದೆ.

4. ಸರ್ವರನ್ನು ಶುರು ಮಾಡುವುದು

ನಾನು ಡೆಬಿಯನ್‌ನಲ್ಲಿ ಟೈಗರ್‌ವಿಎನ್‌ಸಿ ಬಳಸ್ತೇನೆ. ಡೆಸ್ಕ್‌ಟಾಪಿಗೆ ಎಕ್ಸ್‌ಎಫ್‌ಸಿಇ, ಅದು ಹಗುರ. ಮೊದಲು ಎಸ್‌ಎಸ್‌ಎಚ್ ಮೂಲಕ ಆ ಕಂಪ್ಯೂಟರಿಗೆ ಒಳಬಂದು "ವಿಎನ್‌ಸಿಪಾಸ್‌ವರ್ಡ್" ಕಮಾಂಡಿನಿಂದ ಗುಪ್ತಪದ ಇಡಬೇಕು. ಕಮಾಂಡಿನ ಹೆಸರಿನಲ್ಲಿ ಪಾಸ್‌ವರ್ಡನ್ನು "ಪಿಎಎಸ್‌ಎಸ್‌ಡಬ್ಲ್ಯುಡಿ" ಅಂತ ಕತ್ತರಿಸಿ ಬರೀತಾರೆ.

ಇಲ್ಲಿ ಒಂದು ಎಚ್ಚರ. ವಿಎನ್‌ಸಿಯ ಹಳೆಯ ಪಾಸ್‌ವರ್ಡ್ ಪದ್ಧತಿ ಮೊದಲ 8 ಬೈಟ್ ಮಾತ್ರ ನೋಡ್ತದೆ. ಕಾಸರಗೋಡಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 9 ಅಕ್ಷರ. ಅದರ ಮುಂದೆ ಜಿಲ್ಲೆಯಾದ ವರ್ಷ 1984 ಅಂತ ಸೇರಿಸಿ ಭದ್ರ ಮಾಡಿದೆ ಅಂದುಕೊಂಡರೆ, ಊರಿನ ಹೆಸರೇ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದಲ್ಲೇ ಇಡೋಣ ಅಂದರೆ ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. "ಕನ್ನಡ" ಅನ್ನುವ ಪದ 15 ಬೈಟ್ ಆಗ್ತದೆ, ಎಂಟನೆಯ ಬೈಟಿಗೆ ಕತ್ತರಿಸಿದರೆ ಒತ್ತಕ್ಷರ ಮೂಡುವ ಮೊದಲೇ ತುಂಡಾಗ್ತದೆ. ಜೊತೆಗೆ ಡಿಸ್ಕಿನಲ್ಲಿ ಉಳಿಯುವ ಆ ಪಾಸ್‌ವರ್ಡ್ ಕಡತಕ್ಕೆ ಬಳಸುವ ಕೀಲಿ ಎಲ್ಲರಿಗೂ ಗೊತ್ತಿರುವಂಥದ್ದು, ಕಡತ ಕೈಗೆ ಸಿಕ್ಕಿದರೆ ಪಾಸ್‌ವರ್ಡೂ ಸಿಕ್ಕಿದ ಹಾಗೆ. ಹಾಗಾಗಿ ಈ ಪಾಸ್‌ವರ್ಡನ್ನು ಕೋಟೆಯ ಬಾಗಿಲು ಅಂದುಕೊಳ್ಳಬೇಡಿ, ಒಳಮನೆಯ ಚಿಲಕ ಅಂದುಕೊಳ್ಳಿ. ಕೋಟೆ ಬಾಗಿಲು ಬೇರೆಯೇ ಬೇಕು, ಅದಕ್ಕೆ ಬರ್ತೇನೆ.

ಸರ್ವರ್ ಶುರು ಮಾಡುವ ಸಾಲು ಇದು: "ವಿಎನ್‌ಸಿಸರ್ವರ್ ಕೊಲನ್ 1, ಹೈಫನ್ ಲೋಕಲ್‌ಹೋಸ್ಟ್ ಯೆಸ್, ಹೈಫನ್ ಜಿಯೊಮೆಟ್ರಿ 1280ಎಕ್ಸ್720, ಹೈಫನ್ ಡೆಪ್ತ್ 16". ನಡುವಿನ ಅಲ್ಪವಿರಾಮ ಉಸಿರಿಗೆ, ಟೈಪ್ ಮಾಡುವಾಗ ಬರೀ ಜಾಗ ಬಿಡಿ. ಕೊಲನ್ 1 ಅನ್ನುವುದು ಪರದೆಯ ಸಂಖ್ಯೆ. ಪೋರ್ಟ್ ಸಂಖ್ಯೆ ಬೇಕಾದರೆ ಅದಕ್ಕೆ 5900 ಕೂಡಿಸಿ. ಮೊದಲನೆಯ ಪರದೆ 5901, ಎರಡನೆಯದು 5902.

ಈ ಪರದೆ ವಿಭಾಗದ ಮೇಜಿನ ಮೇಲಿರುವ ಮಾನಿಟರ್ ಅಲ್ಲ. ಎಲ್ಲೂ ಭೌತಿಕವಾಗಿ ಇಲ್ಲದ, ಮೆಮೊರಿಯಲ್ಲಿ ಮಾತ್ರ ಇರುವ ಪರದೆ. ಮಾನಿಟರ್ ಆಫ್ ಮಾಡಿದರೂ ಇರ್ತದೆ, ನನ್ನ ಲ್ಯಾಪ್‌ಟಾಪ್ ಮುಚ್ಚಿದರೂ ಇರ್ತದೆ. ಮೇಜಿನ ಮೇಲಿನ ನಿಜವಾದ ಪರದೆಯನ್ನೇ ತೋರಿಸಬೇಕಾದರೆ "ಎಕ್ಸ್11ವಿಎನ್‌ಸಿ" ಅನ್ನುವ ಬೇರೆ ಪ್ರೋಗ್ರಾಂ ಇದೆ. ಆಗ ನೀವು ಮನೆಯಿಂದ ತೆರೆದದ್ದು ವಿಭಾಗದಲ್ಲಿ ಕೂತವರಿಗೂ ಕಾಣ್ತದೆ. ಗುಟ್ಟಿನ ದಾಖಲೆಗೆ ಅದು ಸರಿಯಲ್ಲ.

ಶುರುವಾದ ಮೇಲೆ ಬರೀ ಬೂದು ಪರದೆ ಬಂದರೆ ಗಾಬರಿ ಬೇಡ. ಯಾವ ಡೆಸ್ಕ್‌ಟಾಪ್ ಎಬ್ಬಿಸಬೇಕು ಅಂತ ಹೇಳುವ "ಎಕ್ಸ್‌ಸ್ಟಾರ್ಟಪ್" ಕಡತ ಸರಿ ಇಲ್ಲ, ಇಲ್ಲವೇ ಅದಕ್ಕೆ ಓಡುವ ಅನುಮತಿ ಕೊಟ್ಟಿಲ್ಲ ಅಂತ ಅರ್ಥ. ಅದರ ಕೊನೆಯ ಸಾಲಿನಲ್ಲಿ "ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4" ಇದೆಯಾ ನೋಡಿ.

5. ಸುರಂಗ

ಈಗ ಕೋಟೆ ಬಾಗಿಲು. "ಲೋಕಲ್‌ಹೋಸ್ಟ್ ಯೆಸ್" ಅಂದರೆ ಈ ಸರ್ವರು ಅದೇ ಕಂಪ್ಯೂಟರಿನ ಒಳಗಿಂದ ಬಂದವರಿಗೆ ಮಾತ್ರ ಓಗೊಡ್ತದೆ. ನಾನು "ನೋ" ಅಂದದ್ದರಿಂದ ಇಡೀ ನೆಟ್‌ವರ್ಕಿಗೆ ಬಾಗಿಲು ತೆರೆಯಿತು. ಸಂಪರ್ಕ ಸಿಕ್ಕದೇ ಇದ್ದದ್ದು ದೋಷ ಆಗಿರಲಿಲ್ಲ, ಅದು ಕಾವಲು. ಕಾವಲುಗಾರನನ್ನೇ ನಾನು ಮನೆಗೆ ಕಳಿಸಿದೆ.

ಸರಿಯಾದ ದಾರಿ ಎಸ್‌ಎಸ್‌ಎಚ್ ಸುರಂಗ. ಎಸ್‌ಎಸ್‌ಎಚ್ ಅನ್ನು 1995ರಲ್ಲಿ ಫಿನ್ಲೆಂಡಿನ ತಾತು ಯೂಲೊನೆನ್ ಬರೆದರು. ಅದರಲ್ಲಿ ಹೋಗುವುದೆಲ್ಲ ಗೂಢಲಿಪಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕೊಡಬೇಕಾದ ಸಾಲು: "ಎಸ್‌ಎಸ್‌ಎಚ್, ಹೈಫನ್ ದೊಡ್ಡ ಎನ್, ಹೈಫನ್ ದೊಡ್ಡ ಎಲ್, 5901 ಕೊಲನ್ ಲೋಕಲ್‌ಹೋಸ್ಟ್ ಕೊಲನ್ 5901", ಆಮೇಲೆ ನಿಮ್ಮ ಹೆಸರು, ಅಟ್, ಕಂಪ್ಯೂಟರಿನ ವಿಳಾಸ. ಅರ್ಥ ಇಷ್ಟೇ: ನನ್ನ ಲ್ಯಾಪ್‌ಟಾಪಿನ 5901ಕ್ಕೆ ಬಂದದ್ದನ್ನು ಎಸ್‌ಎಸ್‌ಎಚ್ ಒಳಗಿಂದ ಸಾಗಿಸಿ ಆ ಕಂಪ್ಯೂಟರಿನ 5901ಕ್ಕೆ ಮುಟ್ಟಿಸು. ನಂತರ ನೋಡುವ ಪ್ರೋಗ್ರಾಮಿನಲ್ಲಿ "ಲೋಕಲ್‌ಹೋಸ್ಟ್ ಕೊಲನ್ 1" ಅಂತ ಕೊಟ್ಟರೆ ಪರದೆ ಬಂತು. ವಿಂಡೋಸ್ 10ರಲ್ಲೂ ಇದೇ ಸಾಲು ನಡೀತದೆ.

ಶುರು ಮಾಡಿದ ಮೇಲೆ ಒಂದು ಪರೀಕ್ಷೆ ತಪ್ಪಿಸಬೇಡಿ. ಸರ್ವರಿನಲ್ಲಿ "ಎಸ್‌ಎಸ್ ಹೈಫನ್ ಟಿಎಲ್‌ಎನ್‌ಪಿ" ಕೊಡಿ. 5901ರ ಸಾಲಿನಲ್ಲಿ 127.0.0.1 ಅಂತ ಇದ್ದರೆ ಬಾಗಿಲು ಒಳಗಿನದ್ದು. 0.0.0.0 ಅಥವಾ ನಕ್ಷತ್ರ ಚಿಹ್ನೆ ಇದ್ದರೆ ಹೊರಗೆ ತೆರೆದಿದೆ. ಆ ಶುಕ್ರವಾರ ಈ ಒಂದು ಸಾಲು ನನಗೆ ಗೊತ್ತಿದ್ದರೆ ಇವತ್ತಿನ ಈ ಭಾಷಣವೇ ಇರುತ್ತಿರಲಿಲ್ಲ.

6. ಕನ್ನಡ ಟೈಪ್ ಮಾಡುವುದು

ಇದು ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಕಡೆಯಿಂದ ಹೋಗುವುದು ಅಕ್ಷರ ಅಲ್ಲ, ಕೀಲಿಯ ಸಂಕೇತ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕನ್ನಡ ಆನ್ ಮಾಡಿ ದೂರದ ಡೆಸ್ಕ್‌ಟಾಪಿನಲ್ಲಿ ಟೈಪ್ ಮಾಡಿದರೆ ಎರಡು ಕಂಪ್ಯೂಟರೂ ಅದೇ ಕೀಲಿಗೆ ಅರ್ಥ ಹಚ್ಚಲು ಹೋಗಿ, ಗುಣಿತ ಒಂದು ಕಡೆ ಒತ್ತು ಒಂದು ಕಡೆ ಬೀಳ್ತದೆ. ನಿಯಮ ಇಷ್ಟೇ: ಇಲ್ಲಿ ಇಂಗ್ಲಿಷ್, ಅಲ್ಲಿ ಕನ್ನಡ. ಸರ್ವರಿನ "ಎಕ್ಸ್‌ಸ್ಟಾರ್ಟಪ್" ಕಡತದಲ್ಲಿ ಡೆಸ್ಕ್‌ಟಾಪ್ ಎಬ್ಬಿಸುವ ಸಾಲಿಗೆ ಮೊದಲು "ಐಬಸ್ ಹೈಫನ್ ಡೀಮನ್ ಹೈಫನ್ ಡಿಆರ್‌ಎಕ್ಸ್" ಸೇರಿಸಿ. ಅದಕ್ಕೂ ಮೇಲೆ ಜಿಟಿಕೆ, ಕ್ಯೂಟಿ ಎರಡರ ಐಎಂ ಮಾಡ್ಯೂಲ್ ಚಲಗಳನ್ನು "ಐಬಸ್" ಅಂತ ಎಕ್ಸ್‌ಪೋರ್ಟ್ ಮಾಡಿ. ಎಂ17ಎನ್ ಪ್ಯಾಕೇಜ್ ಇದ್ದರೆ ನಮಗೆ ರೂಢಿಯ ಕನ್ನಡ ವಿನ್ಯಾಸಗಳು ಅದರಲ್ಲೇ ಸಿಗ್ತವೆ. ಕಾಪಿ ಮಾಡಿ ಅಂಟಿಸುವ ಚಟ ಇದ್ದವರು ಒಂದು ನೆನಪಿಡಿ: ಕ್ಲಿಪ್‌ಬೋರ್ಡ್ ಕೂಡ ಈ ಸುರಂಗದಲ್ಲೇ ಆಚೀಚೆ ಹೋಗ್ತದೆ. ದಾಖಲೆಯ ಮಾತು ನಿಮ್ಮ ಲ್ಯಾಪ್‌ಟಾಪಿಗೆ ಬಂದುಬಿಡ್ತದೆ. ಅದು ಬೇಡದಿದ್ದರೆ ಸರ್ವರ್ ಸಾಲಿನಲ್ಲಿ "ಹೈಫನ್ ಸೆಂಡ್‌ಕಟ್‌ಟೆಕ್ಸ್ಟ್ ಸಮ 0" ಅಂತ ಸೇರಿಸಿ.

7. ನಡೆಸುವುದು, ನಿಲ್ಲಿಸುವುದು

ವಿಂಡೋ ಮುಚ್ಚಿದರೆ ಸಂಪರ್ಕ ಮಾತ್ರ ಹೋಗ್ತದೆ, ಸೆಷನ್ ಉಳೀತದೆ. ಇದೇ ವಿಎನ್‌ಸಿಯ ಒಳ್ಳೆಯ ಗುಣ. ಕರೆಂಟು ಹೋದರೂ ಅರ್ಧ ಬರೆದ ಸಾಲು ಅಲ್ಲೇ ಇರ್ತದೆ. ಇದೇ ಅದರ ಅಪಾಯವೂ ಹೌದು. ಕಣ್ಣಿಗೆ ಕಾಣದೆ ಬದುಕಿರುವುದನ್ನು ಕೇಳಿ ತಿಳಿಯಬೇಕು, ಕೇಳುವ ಜಾಗ ಕಮಾಂಡ್ ಲೈನ್.

"ವಿಎನ್‌ಸಿಸರ್ವರ್ ಹೈಫನ್ ಲಿಸ್ಟ್" ನಿಮ್ಮ ಹೆಸರಲ್ಲಿ ಎಷ್ಟು ಪರದೆ ಬದುಕಿದೆ ಅಂತ ಹೇಳ್ತದೆ. "ವಿಎನ್‌ಸಿಕಾನ್ಫಿಗ್ ಹೈಫನ್ ಡಿಸ್‌ಪ್ಲೇ ಕೊಲನ್ 1 ಹೈಫನ್ ಡಿಸ್‌ಕನೆಕ್ಟ್" ಒಳಗಿರುವ ಎಲ್ಲರನ್ನೂ ಹೊರಗೆ ಹಾಕ್ತದೆ, ಆದರೆ ಕೆಲಸ ಕೆಡಿಸುವುದಿಲ್ಲ. ಅನುಮಾನ ಬಂದಾಗ ಮೊದಲು ಇದು. "ವಿಎನ್‌ಸಿಸರ್ವರ್ ಹೈಫನ್ ಕಿಲ್ ಕೊಲನ್ 1" ಸೆಷನ್ನನ್ನೇ ಮುಗಿಸ್ತದೆ. ಉಳಿಸದ ಕಡತ ಹೋಗ್ತದೆ, ಹಾಗಾಗಿ ಸೇವ್ ಮಾಡಿ ಆಮೇಲೆ ಕೊಡಿ.

ಮರೆಯುವವರಿಗೆ, ಅಂದರೆ ನನ್ನಂಥವರಿಗೆ, ಒಂದು ಆಸರೆ ಇದೆ. ಶುರು ಮಾಡುವ ಸಾಲಿಗೆ "ಹೈಫನ್ ಮ್ಯಾಕ್ಸ್‌ಡಿಸ್‌ಕನೆಕ್ಷನ್‌ಟೈಮ್ 7200" ಸೇರಿಸಿದರೆ, 7200 ಸೆಕೆಂಡು ಅಂದರೆ ಎರಡು ಗಂಟೆ ಯಾರೂ ಜೋಡಿಸಿಕೊಳ್ಳದಿದ್ದರೆ ಸರ್ವರು ತಾನೇ ನಿಲ್ತದೆ. ರಾತ್ರಿಯಿಡೀ ಒಸಿಆರ್ ಓಡಿಸುವವರು ಅದನ್ನು ಈ ಡೆಸ್ಕ್‌ಟಾಪಿನ ಒಳಗೆ ಶುರು ಮಾಡಬೇಡಿ, ಎಸ್‌ಎಸ್‌ಎಚ್‌ನಲ್ಲಿ "ಟಿಮಕ್ಸ್" ಒಳಗೆ ಶುರು ಮಾಡಿ. ಪರದೆ ಸತ್ತರೂ ಕೆಲಸ ಸಾಯುವುದಿಲ್ಲ.

8. ಯಾರು ಬಂದರು ಅನ್ನುವ ಲೆಕ್ಕ

ಸುರಂಗ ಹಾಕಿದ ಮೇಲೆ ಒಂದು ಹೊಸ ಸಮಸ್ಯೆ. ವಿಎನ್‌ಸಿಯ ಲಾಗಿನಲ್ಲಿ ಬಂದವರೆಲ್ಲರ ವಿಳಾಸ 127.0.0.1 ಅಂತಲೇ ಬೀಳ್ತದೆ, ಯಾಕೆಂದರೆ ಎಲ್ಲರೂ ಒಳಗಿಂದಲೇ ಬಂದವರು. ಯಾರು ಅನ್ನುವುದು ಎಸ್‌ಎಸ್‌ಎಚ್‌ನ ಲಾಗಿನಲ್ಲಿ ಇರ್ತದೆ. "ಜರ್ನಲ್‌ಸಿಟಿಎಲ್ ಹೈಫನ್ ಯು ಎಸ್‌ಎಸ್‌ಎಚ್" ಕೊಟ್ಟು ನೋಡಬೇಕು, ಅದಕ್ಕೆ ನಿರ್ವಾಹಕರ ಅನುಮತಿ ಬೇಕು. "ಲಾಸ್ಟ್" ಕಮಾಂಡು ಸಾಕು ಅಂತ ನಂಬಬೇಡಿ, ಬರೀ ಸುರಂಗ ಹಾಕಿದವರು ಅದರಲ್ಲಿ ಕಾಣುವುದಿಲ್ಲ.

ಈ ಲಾಗಿಗೆ ಅರ್ಥ ಬರಬೇಕಾದರೆ ಒಬ್ಬೊಬ್ಬರಿಗೂ ಬೇರೆ ಖಾತೆ ಇರಬೇಕು. ನಮ್ಮಲ್ಲಿ ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೋಗ್ತಿದ್ದೆವು, ವಿಶ್ವಾಸ ಅಂತ. ಆ ವಿಶ್ವಾಸ ನಮ್ಮ ನಮ್ಮೊಳಗಿನದ್ದು. ಅಜ್ಜಿ ವಿಶ್ವಾಸ ಇಟ್ಟದ್ದು ನನ್ನ ಮೇಲೆ, ಆ ಖಾತೆಯ ಮೇಲೆ ಅಲ್ಲ. ಈಗ ಬೇರೆ ಬೇರೆ ಖಾತೆ, ಪಾಸ್‌ವರ್ಡಿನ ಬದಲು ಎಸ್‌ಎಸ್‌ಎಚ್ ಕೀಲಿ, ಒಬ್ಬೊಬ್ಬರಿಗೆ ಒಂದೊಂದು ಪರದೆ ಸಂಖ್ಯೆ. ನಿರ್ಬಂಧ ಇರುವ ಧ್ವನಿಗಳ ಫೋಲ್ಡರು ಅದನ್ನು ಕೇಳಬೇಕಾದವರಿಗೆ ಮಾತ್ರ ತೆರೀತದೆ.

ಪ್ರಶ್ನೋತ್ತರ

ಪ್ರಶ್ನೆ: ವಿದ್ಯಾರ್ಥಿಯ ಪರದೆಯನ್ನು ಮಾರ್ಗದರ್ಶಕರು ನೋಡಬೇಕು, ಆದರೆ ಕೈಯಾಡಿಸಬಾರದು. ಸಾಧ್ಯವಾ?

ಸಾಧ್ಯ. ಗುಪ್ತಪದ ಇಡುವಾಗಲೇ ನೋಡಲು ಮಾತ್ರ ಇನ್ನೊಂದು ಪದ ಬೇಕಾ ಅಂತ ಕೇಳ್ತದೆ, ಹೌದು ಅನ್ನಿ. ಆ ಪದದಲ್ಲಿ ಬಂದವರಿಗೆ ಕೀಲಿ, ಮೌಸ್ ನಡೆಯುವುದಿಲ್ಲ. ನೋಡುವ ಪ್ರೋಗ್ರಾಮಿನಲ್ಲಿ "ಹೈಫನ್ ಶೇರ್ಡ್" ಕೊಡಲು ಮರೀಬೇಡಿ, ಇಲ್ಲದಿದ್ದರೆ ಎರಡನೆಯವರು ಬಂದ ಕೂಡಲೇ ಮೊದಲನೆಯವರು ಹೊರಗೆ ಹೋಗಬಹುದು.

ಪ್ರಶ್ನೆ: ಇಷ್ಟೆಲ್ಲ ಮಾಡುವ ಬದಲು ಸಿದ್ಧ ಆ್ಯಪ್ ಹಾಕಿಕೊಳ್ಳಬಾರದಾ?

ಹಾಕಿಕೊಳ್ಳಬಹುದು. ಬಹಳ ಆ್ಯಪ್‌ಗಳು ಮೂರನೆಯವರ ಸರ್ವರಿನ ಮೂಲಕ ಜೋಡಿಸ್ತವೆ. ಆಗ ಒಪ್ಪಿಗೆ ಪತ್ರದಲ್ಲಿ ಆ ಮೂರನೆಯವರ ಮಾತೂ ಬರಬೇಕಾಗ್ತದೆ. ಅದನ್ನು ಮಾತು ಕೊಟ್ಟವರಿಗೆ ಅರ್ಥ ಮಾಡಿಸಲು ನಿಮಗೆ ಆಗ್ತದೆ ಅಂದರೆ ಸರಿ.

ಪ್ರಶ್ನೆ: ಅಜ್ಜಿಗೆ ಹೇಳಿದಿರಾ?

ಹೇಳಿದೆ. ಹೇಳದೆ ಇರಬಹುದಿತ್ತು, ಅವರಿಗೆ ಗೊತ್ತಾಗ್ತಾ ಇರಲಿಲ್ಲ. ಮನೆಗೇ ಹೋಗಿ ಹೇಳಿದೆ. ಕಂಪ್ಯೂಟರು, ಪೋರ್ಟು ಏನೂ ಹೇಳಲಿಲ್ಲ. "ನಿಮ್ಮ ಮಾತು ಬರೆದ ಪುಟ ಮೂರು ದಿನ ಬಾಗಿಲು ತೆರೆದ ಕೋಣೆಯಲ್ಲಿತ್ತು, ಯಾರೋ ಒಬ್ಬರು ಬಂದುಹೋಗಿದ್ದಾರೆ, ಯಾರು ಅಂತ ಗೊತ್ತಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಜಮೀನಿನ ಭಾಗ ಅಳಿಸಿಬಿಡಿ, ಹಾಡು ಇರಲಿ ಅಂದರು. ಅಳಿಸಿದೆವು. ನನ್ನ ಪ್ರಬಂಧದ ಒಂದು ಅಧ್ಯಾಯಕ್ಕೆ ಅದು ಬೇಕಿತ್ತು, ಆ ಅಧ್ಯಾಯ ಈಗ ಚಿಕ್ಕದಾಗಿದೆ.

ನನ್ನ ಮಾತು ಇಷ್ಟೇ. ಇವತ್ತು ರಾತ್ರಿ ಮಲಗುವ ಮೊದಲು ನಿಮ್ಮ ನಿಮ್ಮ ಸರ್ವರಿನಲ್ಲಿ ಒಂದು ಸಲ "ಲಿಸ್ಟ್" ಕೊಟ್ಟು ನೋಡಿ.